ಒಂದು ಚುಕ್ಕಿ ಬಂದ ಮೇಲೆ

2007ರಲ್ಲಿ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಪೈಥಾನ್ ಬರೆಯುತ್ತಿದ್ದೆ. ಸರ್ವರಿನಲ್ಲಿದ್ದದ್ದು 2.4. ನಮ್ಮ ಪ್ಯಾಕೇಜಿನ ನಲವತ್ತು ಫೈಲುಗಳೂ ಒಂದೇ ಫೋಲ್ಡರಿನಲ್ಲಿ ಬಿದ್ದಿದ್ದವು. ಯಾವುದು ಎಲ್ಲಿರಬೇಕು ಅಂತ ಯಾರೂ ಕೂತು ಯೋಚಿಸಿರಲಿಲ್ಲ.

ಗ್ರಾಹಕರಿಗೆ ಪತ್ರ ಕಳಿಸಲೆಂದು ‘ಇಮೇಲ್’ ಹೆಸರಿನ ಹೊಸ ಫೈಲು ಸೇರಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ, ನಾನು ಮುಟ್ಟಿಯೇ ಇರದ ವರದಿಯ ಮಾಡ್ಯೂಲು ನಿಂತುಹೋಗಿತ್ತು. ಅದಕ್ಕೆ ಬೇಕಿದ್ದದ್ದು ಪೈಥಾನ್ ಜೊತೆಗೇ ಬರುವ ಇಮೇಲ್ ಲೈಬ್ರರಿ. ಸಿಕ್ಕಿದ್ದು ನನ್ನ ಫೈಲು. ಆಗೆಲ್ಲ ಪ್ಯಾಕೇಜಿನೊಳಗೆ ಇಂಪೋರ್ಟ್ ಅಂದರೆ ಪೈಥಾನ್ ಮೊದಲು ಪಕ್ಕದ ಫೈಲುಗಳಲ್ಲಿ ಹುಡುಕಿ, ಆಮೇಲೆ ಹೊರಗೆ ಹೋಗುತ್ತಿತ್ತು. ಹೆಸರು ಬದಲಾಯಿಸಿದೆ. ಆದರೂ ಅದೇ ಎರರ್! ಸಂಜೆಯವರೆಗೂ ಒದ್ದಾಡಿದೆ. ಕೊನೆಗೆ ಪಕ್ಕದ ಮೇಜಿನ ಹಿರಿಯರೊಬ್ಬರು ಬಂದು, “ಪಿವೈಸಿ ಅಳಿಸಿದ್ಯೇನಪ್ಪಾ?” ಅಂದರು. ಹಳೆಯ ಫೈಲಿನ ಕಂಪೈಲ್ ಆದ ಪ್ರತಿ ಅಲ್ಲೇ ಉಳಿದಿತ್ತು. ಮೂಲ ಫೈಲು ಇಲ್ಲದಿದ್ದರೂ ಪೈಥಾನ್ ಅದನ್ನೇ ಎತ್ತಿಕೊಳ್ಳುತ್ತಿತ್ತು.

ಇದಕ್ಕೆ ಪರಿಹಾರ 2006ರಲ್ಲಿ ಬಂದ 2.5ರಲ್ಲೇ ಇತ್ತು, ನಮ್ಮ ಸರ್ವರಿಗೆ ತಲುಪಿರಲಿಲ್ಲ ಅಷ್ಟೆ. ಇಂಪೋರ್ಟಿನಲ್ಲಿ ಹೆಸರಿನ ಮುಂದೆ ಒಂದು ಚುಕ್ಕಿ ಇಟ್ಟರೆ ಇದೇ ಫೋಲ್ಡರು, ಎರಡಿಟ್ಟರೆ ಒಂದು ಮೆಟ್ಟಿಲು ಮೇಲೆ. ಹೊಸ ನಿಯಮ ಬೇಕೆಂದು ಫೈಲಿನ ಆರಂಭದಲ್ಲೇ ಒಂದು ಸಾಲು ಬರೆದರೆ, ಚುಕ್ಕಿ ಇಲ್ಲದ ಇಂಪೋರ್ಟು ಪಕ್ಕದ ಫೈಲುಗಳತ್ತ ನೋಡುವುದೇ ಇಲ್ಲ. 2008ರ ಡಿಸೆಂಬರಿನಲ್ಲಿ ಬಂದ 3.0 ಆ ನಿಯಮವನ್ನೇ ಎಲ್ಲ ಫೈಲುಗಳಿಗೂ ಕಾಯಂ ಮಾಡಿತು. 3.2ರಿಂದ ಪಿವೈಸಿಗಳಿಗೆ ಬೇರೆಯದೇ ಫೋಲ್ಡರು ಸಿಕ್ಕಿ, ಅನಾಥ ಪ್ರತಿಗಳ ಕಾಟವೂ ತಪ್ಪಿತು. ಇವೆಲ್ಲದರಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಆ ಚುಕ್ಕಿಯೇ. ಯಾವುದು ನಮ್ಮದು, ಯಾವುದು ಹೊರಗಿನದು ಅಂತ ಓದುವವನಿಗೆ ಆ ಸಾಲಿನಲ್ಲೇ ತಿಳಿಯುತ್ತದೆ.

ಆಮೇಲೆ ನಾವು ಆ ನಲವತ್ತು ಫೈಲುಗಳನ್ನು ಮೂರು ಉಪಪ್ಯಾಕೇಜುಗಳಾಗಿ ಬಿಡಿಸಿದೆವು. ಆಗ ಗೊತ್ತಾಯಿತು, ವರದಿಯ ಕೋಡು ಡೇಟಾಬೇಸಿನದನ್ನು ಕರೆಯುತ್ತಿತ್ತು, ಡೇಟಾಬೇಸಿನದು ತಿರುಗಿ ವರದಿಯನ್ನೇ ಕರೆಯುತ್ತಿತ್ತು. ಎರಡಕ್ಕೂ ಬೇಕಾದ್ದನ್ನು ಮೂರನೆಯ ಮಾಡ್ಯೂಲಿಗೆ ಸಾಗಿಸಬೇಕಾಯಿತು. ಆಗೆಲ್ಲ ಫೋಲ್ಡರು ಪ್ಯಾಕೇಜಾಗಲು ಅದರೊಳಗೆ ‘ಇನಿಟ್’ ಫೈಲು ಇರಲೇಬೇಕಿತ್ತು. 2012ರ 3.3ರಿಂದ ಆ ಫೈಲು ಇಲ್ಲದ ಫೋಲ್ಡರನ್ನೂ ಪೈಥಾನ್ ಪ್ಯಾಕೇಜೆಂದು ಒಪ್ಪುತ್ತದೆ. ನಾನು ಮಾತ್ರ ಖಾಲಿಯಾದರೂ ಸರಿ, ಅದನ್ನು ಇಟ್ಟೇ ಇಡುತ್ತೇನೆ.

ಹೊಸದಾಗಿ ಬರೆಯುವವರಿಗೆ ಒಂದು ಮಾತು. ಪ್ಯಾಕೇಜಿನೊಳಗಿನ ಫೈಲನ್ನು ನೇರವಾಗಿ ಓಡಿಸಿದರೆ, ಇವತ್ತಿಗೂ ಪೈಥಾನ್ ಮೊದಲು ಅದೇ ಫೋಲ್ಡರಿನಲ್ಲಿ ಹುಡುಕುತ್ತದೆ. ನನ್ನ ‘ಇಮೇಲ್’ ಫಜೀತಿ ನಿಮಗೂ ಆಗಬಹುದು. ಹೊರಗಿನ ಫೋಲ್ಡರಿನಲ್ಲಿ ನಿಂತು, ಮಾಡ್ಯೂಲಿನ ಪೂರ್ತಿ ಹೆಸರು ಹೇಳಿ ಓಡಿಸಿ.