ಮಂಜಿನ ನಾಡಿನಲ್ಲಿ ಮಳೆಯ ನಾಡಿನವರು

ಚಳಿ ಎಂಬುದು ಎಲ್ಲರಿಗೂ ಒಂದೇ ಅಳತೆಯದ್ದಲ್ಲ. ನಮ್ಮ ಕಾಸರಗೋಡಿನ ಕಡೆ ಧನುರ್ಮಾಸದ ಬೆಳಗ್ಗೆ ಪಾದರಸ 20 ಡಿಗ್ರಿಯ ಹತ್ತಿರಕ್ಕೆ ಇಳಿಯಿತೆಂದರೆ ಸಾಕು, ಅಜ್ಜಂದಿರು ತಲೆಗೆ ಬೈರಾಸು ಸುತ್ತಿಕೊಂಡು ಬಚ್ಚಲ ಒಲೆಯ ಮುಂದೆ ಕುಳಿತುಬಿಡುತ್ತಾರೆ. "ಈ ವರ್ಷದ ಚಳಿ ಯಾವ ವರ್ಷವೂ ಇರಲಿಲ್ಲ ಮಾರಾಯ" ಎಂಬ ಮಾತು ಪ್ರತಿವರ್ಷವೂ ಕೇಳಿಬರುತ್ತದೆ. ಅದೇ ಹೊತ್ತಿಗೆ ಕಾಶ್ಮೀರದಲ್ಲಿ ನಲ್ಲಿಯ ನೀರು ಕೊಳವೆಯೊಳಗೇ ಹೆಪ್ಪುಗಟ್ಟಿರುತ್ತದೆ. 2024ರ ಡಿಸೆಂಬರ್ 21ರಂದು ಶ್ರೀನಗರದ ಉಷ್ಣತೆ ಸೊನ್ನೆಗಿಂತ 8.5 ಡಿಗ್ರಿ ಕೆಳಗಿತ್ತು. ಅಲ್ಲಿಯೂ ಮನುಷ್ಯರಿದ್ದಾರೆ, ಅವರೂ ಬೆಳಗ್ಗೆ ಎದ್ದು ಚಹಾ ಕುಡಿದು ಕೆಲಸಕ್ಕೆ ಹೋಗುತ್ತಾರೆ. ಇದನ್ನು ಕೇಳಿದ ಕೂಡಲೇ ನಮ್ಮಲ್ಲಿ ಅನೇಕರು, "ಉತ್ತರದವರು ಗಟ್ಟಿಗರು, ದಕ್ಷಿಣದವರು ಮೆತ್ತಗಿನವರು" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ವಿದ್ಯಾರ್ಥಿ ಮಿತ್ರರೇ, ಈ ತೀರ್ಪು ಸರಿಯೇ ಎಂದು ಸ್ವಲ್ಪ ವಿಚಾರ ಮಾಡೋಣ.

ಚಳಿಗಾಲದಲ್ಲಿ ನಮ್ಮ ಪೇಟೆಗಳಿಗೆ ಶಾಲು ಮಾರುವ ಕಾಶ್ಮೀರಿಗಳು ಬರುವುದನ್ನು ನೀವೆಲ್ಲ ಕಂಡಿದ್ದೀರಿ. ತಮ್ಮ ಊರಿನ ಚಳಿಯಿಂದ ಇಲ್ಲಿಗೆ ಬಂದು, ಅಂಗಿಯ ಕೈ ಮಡಚಿ, ಬೆವರು ಒರೆಸಿಕೊಳ್ಳುತ್ತಾ, ಅವರು ನಮಗೆ ಉಣ್ಣೆಯ ಬಟ್ಟೆ ಮಾರುತ್ತಾರೆ! ನಾವೂ ಚೌಕಾಶಿ ಮಾಡಿ ಕೊಂಡುಕೊಳ್ಳುತ್ತೇವೆ. ಅಂಥ ಒಬ್ಬರು ಹಲವು ವರ್ಷಗಳಿಂದ ನಮಗೆ ಪರಿಚಿತರು. ನಮ್ಮನ್ನು "ಮಾಸ್ಟ್ರೇ" ಎಂದು ಕರೆಯುವಷ್ಟು ಕನ್ನಡ ಕಲಿತವರು. ಅವರ ಒತ್ತಾಯದ ಮೇರೆಗೆ ನಮ್ಮ ಅಧ್ಯಾಪಕ ಬಳಗದ ನಾಲ್ವರು ಕೆಲವು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ಅವರ ಮನೆಗೆ ಹೋದೆವು. ವಿನೋದವೆಂದರೆ, ಆಗ ಅವರು ಶಾಲಿನ ಗಂಟು ಹೊತ್ತು ನಮ್ಮೂರಿನಲ್ಲಿದ್ದರು, ನಾವು ಅವರೂರಿನಲ್ಲಿದ್ದೆವು. ಅವರ ವೃದ್ಧ ತಂದೆತಾಯಿಗಳು ನಮ್ಮನ್ನು ಎಂಟು ದಿನ ಸ್ವಂತ ಮಕ್ಕಳಂತೆ ನೋಡಿಕೊಂಡರು.

ಆ ಮನೆಯನ್ನು ನೋಡಿದಾಗ ನಮಗೆ ಮೊದಲ ಪಾಠವಾಯಿತು. ನಮ್ಮ ಮನೆಗಳನ್ನು ಗಾಳಿಯಾಡಲೆಂದು ಕಟ್ಟುತ್ತೇವೆ. ಗೋಡೆಗೂ ಹಂಚಿನ ಮಾಡಿಗೂ ನಡುವೆ ಜಾಗ ಬಿಡುತ್ತೇವೆ; ಜಗಲಿಯನ್ನು ತೆರೆದಿಡುತ್ತೇವೆ. ಸೆಕೆಗೆ ಅದೇ ಸರಿ. ಅಂಥ ಮನೆಯನ್ನು ಶ್ರೀನಗರದಲ್ಲಿ ಕಟ್ಟಿದರೆ ಅದರಲ್ಲಿ ಎಂಥ ಗಟ್ಟಿಗನೂ ಒಂದು ರಾತ್ರಿ ಕಳೆಯಲಾರ. ಅವರ ಮನೆಯ ಗೋಡೆ ದಪ್ಪ, ಕಿಟಕಿಯ ಸಂದುಗಳೆಲ್ಲ ಮುಚ್ಚಿವೆ. ಹಿಮ ಜಾರಿ ಬೀಳಲೆಂದು ಮಾಡು ಇಳಿಜಾರಾಗಿದೆ. ಮನೆಯಲ್ಲಿ 'ಹಮಾಮ್' ಎಂಬ ಒಂದು ಕೋಣೆ. ಅದರ ನೆಲಕ್ಕೆ ಕಲ್ಲಿನ ಚಪ್ಪಡಿ ಹಾಸಿ, ಕೆಳಗಿನಿಂದ ಸೌದೆಯ ಬೆಂಕಿ ಕೊಡುತ್ತಾರೆ. ಚಳಿಗಾಲದಲ್ಲಿ ಸಂಸಾರವೆಲ್ಲ ಆ ಒಂದೇ ಕೋಣೆಗೆ ಸೇರುತ್ತದೆ. ಉಣ್ಣುವುದು, ಹರಟುವುದು, ಮಕ್ಕಳು ಓದುವುದು ಎಲ್ಲವೂ ಅಲ್ಲಿಯೇ.

ಎರಡನೆಯ ಪಾಠ ಉಡುಗೆಯದ್ದು. ಅಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ತೊಡುವುದು 'ಫೆರನ್' ಎಂಬ ಸಡಿಲವಾದ ಉದ್ದನೆಯ ನಿಲುವಂಗಿ. ಅದರೊಳಗೆ 'ಕಾಂಗ್ಡಿ'ಯನ್ನು ಹಿಡಿದುಕೊಳ್ಳುತ್ತಾರೆ. ಅದು ಬೆತ್ತದ ಬುಟ್ಟಿಯಂಥ ಹೆಣಿಗೆಯೊಳಗೆ ಕೂರಿಸಿದ ಮಣ್ಣಿನ ಪುಟ್ಟ ಮಡಕೆ. ಅದರ ತುಂಬ ಬೂದಿ ಮುಚ್ಚಿದ ಕೆಂಡ. ತೋಳನ್ನು ಒಳಗೆ ಎಳೆದುಕೊಂಡು, ಕೆಂಡದ ಪಾತ್ರೆಯನ್ನು ಹೊಟ್ಟೆಗೆ ಆನಿಸಿಕೊಂಡು ಅವರು ಬೀದಿಯಲ್ಲಿ ನಡೆಯುವುದನ್ನು ಕಂಡಾಗ ನಮ್ಮ ಎದೆ ಡವಡವ ಎಂದಿತು. ಅವರಿಗಾದರೋ ಅದು ನಮಗೆ ಕೊಡೆ ಇದ್ದ ಹಾಗೆ. ಆದರೆ ಆ ಸುಖಕ್ಕೂ ಬೆಲೆಯಿದೆ. ವರ್ಷಾನುಗಟ್ಟಲೆ ಕೆಂಡದ ಕಾವು ತಗಲಿ ಹೊಟ್ಟೆ ತೊಡೆಗಳ ಚರ್ಮಕ್ಕೆ ಬರುವ ಒಂದು ಬಗೆಯ ಅರ್ಬುದ ರೋಗಕ್ಕೆ ವೈದ್ಯರು ಕಾಂಗ್ಡಿಯ ಹೆಸರನ್ನೇ ಇಟ್ಟಿದ್ದಾರೆ. ಉತ್ತರದವರ ಮೈಯೂ ಕಲ್ಲಿನದ್ದಲ್ಲ, ನಮ್ಮದರಂತೆಯೇ ಚರ್ಮ ಮಾಂಸಗಳದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಮೂರನೆಯ ಪಾಠ ಉಗ್ರಾಣದಲ್ಲಿ ಸಿಕ್ಕಿತು. ಬೇಸಗೆಯಲ್ಲಿಯೇ ಸೋರೆ, ಬದನೆ, ಟೊಮೆಟೊ, ಟರ್ನಿಪ್ ಮುಂತಾದ ತರಕಾರಿಗಳನ್ನು ಹೆಚ್ಚಿ ಬಿಸಿಲಿಗೆ ಒಣಗಿಸಿ ಇಡುತ್ತಾರೆ. ಹಿಮ ಬಿದ್ದು ದಾರಿ ಮುಚ್ಚಿದಾಗ ಅದೇ ಪಲ್ಯ, ಅದೇ ಸಾರು. ಆ ತಾಯಿ ಒಣಗಿದ ಬದನೆಯ ಸರವನ್ನು ನಮಗೆ ತೋರಿಸಿದಾಗ ನಮಗೆ ಅದು ಹೊಸತೆನಿಸಲಿಲ್ಲ. ನಮ್ಮ ಅಮ್ಮಂದಿರು ಏಪ್ರಿಲ್ ಮೇ ತಿಂಗಳಲ್ಲಿ ಮಾಡುವುದಾದರೂ ಏನು? ಹಪ್ಪಳ ಒಣಗಿಸುತ್ತಾರೆ, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಾರೆ, ಮಾವಿನ ಮಿಡಿಯನ್ನು ಭರಣಿಗೆ ತುಂಬುತ್ತಾರೆ. ಇದೆಲ್ಲ ಆಟಿ ತಿಂಗಳ ಮಳೆಗೆಂದು ಮಾಡುವ ಸಿದ್ಧತೆ. ನಮಗೆ ಆಟಿ ಇರುವಂತೆ ಅವರಿಗೂ ಕಷ್ಟಕಾಲಕ್ಕೆ ಹೆಸರುಗಳಿವೆ. ಡಿಸೆಂಬರ್ 21ರಿಂದ ನಲವತ್ತು ದಿನ 'ಚಿಲ್ಲೈ ಕಲಾನ್', ಎಂದರೆ ದೊಡ್ಡ ಚಳಿ. ಅನಂತರ ಇಪ್ಪತ್ತು ದಿನ 'ಚಿಲ್ಲೈ ಖುರ್ದ್', ಸಣ್ಣ ಚಳಿ. ಕೊನೆಗೆ ಹತ್ತು ದಿನ 'ಚಿಲ್ಲೈ ಬಚ್ಚಾ', ಮರಿ ಚಳಿ. ಹೀಗೆ ಎಪ್ಪತ್ತು ದಿನಗಳ ಲೆಕ್ಕ. ಶತ್ರುವಿನ ಬರವು ಹೋಗುವುದನ್ನು ದಿನ ಎಣಿಸಿ ಬಲ್ಲವನಿಗೆ ಹೆದರಿಕೆ ಅರ್ಧ ಕಡಿಮೆ.

ಎದುರಿಸುವುದೊಂದೇ ಅವರ ಉಪಾಯವೂ ಅಲ್ಲ. ಸರಿದು ನಿಲ್ಲುವುದನ್ನೂ ಅವರು ಬಲ್ಲರು. ನಮಗೆ ದೊಡ್ಡ ರಜೆ ಬೇಸಗೆಯಲ್ಲಾದರೆ ಕಾಶ್ಮೀರ ಕಣಿವೆಯ ಶಾಲೆಗಳಿಗೆ ಅದು ಚಳಿಗಾಲದಲ್ಲಿ. 1872ರಲ್ಲಿ ಮಹಾರಾಜ ರಣಬೀರ್ ಸಿಂಗರ ಕಾಲದಲ್ಲಿ, ಚಳಿಗಾಲ ಬಂದೊಡನೆ ಸರಕಾರದ ಕಚೇರಿಗಳೇ ಕಡತಗಳ ಸಮೇತ ಶ್ರೀನಗರದಿಂದ ಜಮ್ಮುವಿಗೆ ಸಾಗುವ ಏರ್ಪಾಡು ಆರಂಭವಾಯಿತು. ಸುಮಾರು ಒಂದೂವರೆ ಶತಮಾನ ಕಾಲ ಅದು ನಡೆದುಬಂತು. ಅರಸನೇ ಚಳಿಗೆ ದಾರಿ ಬಿಟ್ಟುಕೊಟ್ಟ ಮೇಲೆ ಉಳಿದವರು ಶೂರತ್ವ ತೋರಿಸುವುದೇಕೆ?

ಒಂದು ಸಂಜೆ ಹಮಾಮಿನಲ್ಲಿ ಕುಳಿತಿದ್ದಾಗ ಆ ತಾಯಿ ನಮ್ಮನ್ನು ಕೇಳಿದರು: "ನಿಮ್ಮೂರಿನಲ್ಲಿ ನನ್ನ ಮಗ ಹೇಗಿದ್ದಾನೆ? ಆ ಸೆಕೆಯನ್ನು ಹೇಗೆ ತಡೆದುಕೊಳ್ಳುತ್ತಾನೆ?" ನಮಗೆ ಜನವರಿಯಲ್ಲಿ ಎಂಥ ಸೆಕೆ! ಆದರೆ ಅವರ ಕಣ್ಣಿನಲ್ಲಿ ನೀರಿತ್ತು. ಒಂದು ವರ್ಷ ಅವರ ಮಗ ಬಾಕಿ ವಸೂಲಿಗಾಗಿ ಜೂನ್ ತಿಂಗಳವರೆಗೂ ನಮ್ಮಲ್ಲಿ ಉಳಿದಿದ್ದರಂತೆ. ಹಗಲು ರಾತ್ರಿ ಬಿಡದೆ ಸುರಿಯುವ ಮಳೆ, ವಾರವಾದರೂ ಒಣಗದ ಬಟ್ಟೆ, ಶಾಲುಗಳಿಗೆ ಹಿಡಿದ ಬೂಷ್ಟು, ಇವನ್ನೆಲ್ಲ ಮನೆಗೆ ಬಂದು ವರ್ಣಿಸಿದಾಗ ತಾಯಿಗೆ ನಿದ್ದೆಯೇ ಬರಲಿಲ್ಲವಂತೆ. "ಅಂಥ ಮಳೆಯಲ್ಲಿ ತಲೆಗೆ ಒಂದು ಹಾಳೆಯ ಟೋಪಿ ಇಟ್ಟು ತೋಟದಲ್ಲಿ ಕೆಲಸ ಮಾಡುತ್ತಾರಂತಲ್ಲ, ನಿಮ್ಮ ಜನ ಬಹಳ ಗಟ್ಟಿಗರು ಮಕ್ಕಳೇ!" ಎಂದರು. ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲ್ಲಿಮೀಟರ್ ಮಳೆ ಬೀಳುವ ನಾಡು ನಮ್ಮದು. ಅದನ್ನು ನಾವು ಎಂದೂ ಶೌರ್ಯವೆಂದು ಬಗೆದವರಲ್ಲ. ಅವರೂ ಹಿಮವನ್ನು ಹಾಗೆ ಬಗೆದವರಲ್ಲ.

ಹಾಗಾದರೆ ಉತ್ತರ ದಕ್ಷಿಣಗಳ ವ್ಯತ್ಯಾಸ ಇರುವುದು ಮೈಯ ಬಲದಲ್ಲಲ್ಲ, ಕಲಿಕೆಯಲ್ಲಿ. ಮಂಜಿನ ನಾಡಿನ ಮಗು ಅಜ್ಜಿಯ ಮಡಿಲಿನಲ್ಲಿ ಕುಳಿತು ಕಲಿತದ್ದನ್ನು ಮಳೆಯ ನಾಡಿನವನು ದೊಡ್ಡವನಾದ ಮೇಲೆ ಕೆಲವೇ ದಿನಗಳಲ್ಲಿ ಕಲಿಯಬೇಕು. ಇಷ್ಟನ್ನು ತಿಳಿಯುವುದು ಬರಿಯ ಕುತೂಹಲಕ್ಕಲ್ಲ. ನಮ್ಮ ಶಾಲೆಯಲ್ಲಿ ಓದಿದವರು ಸೈನ್ಯಕ್ಕೂ ಉತ್ತರದ ಊರುಗಳ ಉದ್ಯೋಗಕ್ಕೂ ಹೋಗುತ್ತಿದ್ದಾರೆ. ಅಲ್ಲಿ ಈ ಪಾಠ ಜೀವದ ಪ್ರಶ್ನೆಯಾಗುತ್ತದೆ.

ರಜೆಯಲ್ಲಿ ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಸೈನಿಕ, ಸ್ಟಾಫ್ ರೂಮಿನಲ್ಲಿ ಕುಳಿತು ಹೇಳಿದ ಮಾತುಗಳಿವು. ಹಿಮಾಲಯದ ಎತ್ತರಕ್ಕೆ ಏರುವ ಮೊದಲು ಸೈನಿಕರನ್ನು ಮೂರು ಹಂತಗಳಲ್ಲಿ ಆರು, ನಾಲ್ಕು, ನಾಲ್ಕು ದಿನಗಳಂತೆ ನಿಲ್ಲಿಸಿ ವಿರಳವಾದ ಗಾಳಿಗೆ ಮೈಯನ್ನು ಒಗ್ಗಿಸುತ್ತಾರೆ. ಗಢವಾಲದವನಿಗೂ ಅದೇ, ಮಲಬಾರಿನವನಿಗೂ ಅದೇ. ಮೈ ಬೆವರುವಂತೆ ಓಡಬಾರದು, ಏಕೆಂದರೆ ಒದ್ದೆಬಟ್ಟೆ ಮೈಯ ಕಾವನ್ನು ಹೀರಿಬಿಡುತ್ತದೆ. ಬಟ್ಟೆಯನ್ನು ಪದರ ಪದರವಾಗಿ ತೊಡಬೇಕು. ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು. ಬರಿಗೈಯಿಂದ ಕಬ್ಬಿಣ ಮುಟ್ಟಬಾರದು. ಬೆರಳು ಮರಗಟ್ಟಿದರೆ ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು, ಕೂಡಲೇ ಹೇಳಬೇಕು. ಅವನ ತಂಡದಲ್ಲಿ ಬೆರಳಿನ ತುದಿ ಕಳೆದುಕೊಂಡವನು ನಮ್ಮ ಕಡೆಯವನಲ್ಲ. "ಹುಟ್ಟಿದಂದಿನಿಂದ ಚಳಿ ಕಂಡವನು ನಾನು" ಎಂದು ಕೈಚೀಲ ಕಳಚಿದ ಬೆಟ್ಟದ ನಾಡಿನ ಹುಡುಗ. "ನನಗೆ ಹೆದರಿಕೆ ಇತ್ತು ಮಾಸ್ಟ್ರೇ, ಅದಕ್ಕೇ ಹೇಳಿದ್ದನ್ನೆಲ್ಲ ಪಾಲಿಸಿದೆ" ಎಂದ ನಮ್ಮ ಹುಡುಗ.

ಪಾಲಿಸಿದವರನ್ನೂ ಹಿಮವು ಕೆಲವೊಮ್ಮೆ ಬಿಡುವುದಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು ಆರು ದಿನಗಳ ಬಳಿಕ ಜೀವಸಹಿತ ಸಿಕ್ಕಿದರು. ಫೆಬ್ರವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಜೋಳದ ನಾಡಿನಲ್ಲಿ ಹುಟ್ಟಿದವರು ಅಷ್ಟು ದಿನ ಹಿಮದೊಳಗೆ ಉಸಿರು ಹಿಡಿದಿದ್ದರು ಎಂಬುದನ್ನು ನೆನೆದರೆ, ದಕ್ಷಿಣದವರು ಮೆತ್ತಗಿನವರೆಂದು ಹೇಳಲು ಯಾರಿಗೆ ಬಾಯಿ ಬರುತ್ತದೆ?

ಆದುದರಿಂದ ಮಕ್ಕಳೇ, ನಾಳೆ ನೀವು ಮಂಜಿನ ನಾಡಿಗೆ ಹೋದರೆ ಅಲ್ಲಿನವರ ಮುಂದೆ ನಾಚಬೇಡಿರಿ; ಅವರೊಡನೆ ಪಂಥ ಕಟ್ಟಲೂ ಬೇಡಿರಿ. ಮುಂದಿನ ಬೆಂಚಿನ ವಿದ್ಯಾರ್ಥಿಯಂತೆ ಕುಳಿತು ಕೇಳಿ ಕಲಿಯಿರಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬೇಡಿರಿ. ಅದರ ವಿಷಗಾಳಿಗೆ ಉತ್ತರದವರೇ ಪ್ರತಿ ಚಳಿಗಾಲದಲ್ಲಿ ಬಲಿಯಾಗುತ್ತಿದ್ದಾರೆ. ಹಾಗೆಯೇ ಜೂನ್ ತಿಂಗಳಲ್ಲಿ ಪರವೂರಿನವನೊಬ್ಬ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಮಳೆಗೆ ಬೆಪ್ಪಾಗಿ ನಿಂತಿದ್ದರೆ ನಗಬೇಡಿರಿ. ಕೊಡೆಯ ಅರ್ಧವನ್ನು ಅವನ ಕಡೆಗೆ ವಾಲಿಸಿರಿ.