ಮೂರು ತಾಲ್ಲೂಕಿನ ಗಂಟು

ಬಳ್ಳಾರಿ, 26 ಸೆಪ್ಟೆಂಬರ್ 1953

ಇಡೀ ದಿನ ರೆಕಾರ್ಡು ಕೋಣೆಯ ಧೂಳು. ಆದೋನಿ, ಆಲೂರು, ರಾಯದುರ್ಗದ ಕಾಗದಪತ್ರ ಬೇರೆ ಮಾಡಿ, ಕೆಂಪು ಬಟ್ಟೆಯಲ್ಲಿ ಕಟ್ಟಿ, ಚೀಟಿ ಅಂಟಿಸುವ ಕೆಲಸ. ಹೊಸ ಆಂಧ್ರ ರಾಜ್ಯದಲ್ಲಿ ಮೊದಲೆರಡು ಕರ್ನೂಲು ಜಿಲ್ಲೆಗೆ, ರಾಯದುರ್ಗ ಅನಂತಪುರಕ್ಕೆ. ಜಿಲ್ಲೆಯ ಉಳಿದ ಏಳು ತಾಲ್ಲೂಕು ಮೈಸೂರಿಗೆ. ಆಂಧ್ರ ರಚನೆಯ ಬಗ್ಗೆ ವರದಿ ಕೊಟ್ಟ ನ್ಯಾಯಮೂರ್ತಿ ವಾಂಛೂ ಅವರು ನಮ್ಮ ಬಳ್ಳಾರಿ ತಾಲ್ಲೂಕೊಂದನ್ನು ಇತ್ಯರ್ಥ ಮಾಡದೆ ಬಿಟ್ಟಿದ್ದರು. ನ್ಯಾಯಮೂರ್ತಿ ಮಿಶ್ರಾ ಬಂದು ವಿಚಾರಿಸಿದ ಮೇಲೆ ಬಗೆಹರಿಯಿತು.

ಒಂದು ಕಡತ ಸಂಜೆಯವರೆಗೂ ಸತಾಯಿಸಿತು. ಪಾಲುಪಟ್ಟಿಯ ತಕರಾರು: ಅಣ್ಣನ ಹೊಲ ಆಲೂರು ತಾಲ್ಲೂಕಲ್ಲಿ, ತಮ್ಮನದು ಬಳ್ಳಾರಿ ತಾಲ್ಲೂಕಲ್ಲಿ. ಯಾವ ಗಂಟಿಗೆ ಹಾಕೋದು? ಆದೋನಿಯಿಂದ ಬಂದಿದ್ದ ಗುಮಾಸ್ತರು, "ನೀವೇ ಇಟ್ಕೊಳ್ರಿ ಸಾರ್, ಜಗಳ ಆಡೋಕೆ ಇಬ್ರೂ ಇಲ್ಲಿಗೇ ಬರ್ತಾರೆ" ಅಂದರು. ಅವರ ಮನೆಮಾತು ತೆಲುಗು. ಬೈಗುಳ ಮಾತ್ರ ಅಚ್ಚ ಕನ್ನಡ.

4 ಅಕ್ಟೋಬರ್ 1953

ಮೊನ್ನೆ ಒಂದರಿಂದ ನಾವು ಮೈಸೂರಿನವರು. ಸಂಭ್ರಮ ಪಡಲು ಮನಸ್ಸಿಲ್ಲ. ಮೈಸೂರಿಗೆ ಸೇರುವ ಉತ್ಸವದ ಪೆಂಡಾಲು ಕಾಯುತ್ತಿದ್ದ ರಂಜಾನ್ ಸಾಬರ ಮೇಲೆ ಆಸಿಡ್ ಬಲ್ಬ್ ಎಸೆದರು, ಜೀವ ಉಳಿಯಲಿಲ್ಲ. ಅತ್ತ ತೆಲುಗರಿಗೆ ಪ್ರತ್ಯೇಕ ರಾಜ್ಯ ಕೇಳಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲೇ ಹೋದ ಮೇಲೆ ದಿಲ್ಲಿ ಆಂಧ್ರಕ್ಕೆ ಒಪ್ಪಿತು. ಮೊದಲೇ ಒಪ್ಪಿದ್ದರೆ ಏನು ಗಂಟು ಹೋಗುತ್ತಿತ್ತು?

14 ಅಕ್ಟೋಬರ್ 1955

ರಾಜ್ಯ ಪುನರ್ವಿಂಗಡಣಾ ಆಯೋಗದ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಮೂವರ ವರದಿ ಪೇಪರಿನಲ್ಲಿ ಬಂದಿದೆ. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಆಂಧ್ರಕ್ಕಂತೆ! ಕಾರಣ ತುಂಗಭದ್ರಾ ಯೋಜನೆ. ಎರಡು ಸಲ ಓದಿದೆ, ಸಿಟ್ಟು ಇಳಿಯಲಿಲ್ಲ. ಅಣೆಕಟ್ಟು ನೋಡಿಕೊಳ್ಳಲು 1953ರಲ್ಲೇ ಮಂಡಳಿ ಮಾಡಿದ್ದಾರೆ. ನೀರಿಗೆ ಮಂಡಳಿ ಇದ್ದಮೇಲೆ ಜನರನ್ನು ಯಾಕೆ ಕಾಲುವೆಯ ಹಿಂದೆ ಅಟ್ಟಬೇಕು? ಕಚೇರಿಯಲ್ಲಿ ತೆಲುಗಿನವರು ನಮ್ಮೆದುರು ಆ ಸುದ್ದಿ ಎತ್ತಲಿಲ್ಲ. ದೊಡ್ಡತನ ಅವರದು, ನಾವಾಗಿದ್ದರೆ ಪೇಡೆ ಹಂಚುತ್ತಿದ್ದೆವೇನೋ.

2 ನವೆಂಬರ್ 1956

ಕೊನೆಗೂ ಬಳ್ಳಾರಿ ಇಲ್ಲೇ ಉಳಿಯಿತು. ನಿನ್ನೆ ಬೆಂಗಳೂರಿನಲ್ಲಿ ರಾಜೇಂದ್ರ ಪ್ರಸಾದರು ಹೊಸ ರಾಜ್ಯ ಉದ್ಘಾಟಿಸಿದರು, ನಿಜಲಿಂಗಪ್ಪನವರು ಮುಖ್ಯಮಂತ್ರಿ. ಧಾರವಾಡ, ಬಿಜಾಪುರ, ಬೀದರ, ರಾಯಚೂರು, ಮಂಗಳೂರು, ಕೊಡಗು ಎಲ್ಲ ಒಂದೇ ಮನೆ. ಹೆಸರು ಮಾತ್ರ ಮೈಸೂರೇ. ಕಾಸರಗೋಡು ಕೇರಳಕ್ಕೆ ಹೋಯಿತು, ಅಕ್ಕಲಕೋಟೆ ಮುಂಬಯಿಯಲ್ಲೇ ಉಳಿಯಿತು. ತಾಲ್ಲೂಕನ್ನು ಇಡಿಯಾಗಿ ಎತ್ತಿ ಕೊಡುವ ಬದಲು ಹಳ್ಳಿ ಹಳ್ಳಿ ನೋಡಿದ್ದರೆ ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದವರಾದರೂ ಬರುತ್ತಿದ್ದರು. ನಮ್ಮ ಆದೋನಿ, ರಾಯದುರ್ಗದ ಕೆಲವು ಊರೂ.

ಆದೋನಿಯಿಂದ ಅಕ್ಕನ ಕಾಗದ. ಅವಳ ಮಗನ ಶಾಲೆಯಲ್ಲಿ ಕನ್ನಡ ಮೇಷ್ಟ್ರು ಇಲ್ಲವಂತೆ. ಬಳ್ಳಾರಿಗೆ ಕಳಿಸಲೇ ಎಂದು ಕೇಳಿದ್ದಾಳೆ. ಕಳಿಸು, ವರ್ಗಾವಣೆ ಪತ್ರ ಮರೆಯಬೇಡ ಎಂದು ಬರೆದೆ. ಹೊರ ರಾಜ್ಯದ ಹುಡುಗ ಅಂತ ಇಲ್ಲಿ ಫೀಸು ಜಾಸ್ತಿ ಕೇಳಿದರೂ ಕೇಳಬಹುದು. ಕೇಳಲಿ, ಕಟ್ಟುತ್ತೇನೆ.