ಬುತ್ತಿ ಗಂಟಿನ ಅಂಕಗಳು

ಮೋಟಾರು ಸೈಕಲ್ಲಿಗೂ ನನಗೂ ಇರುವ ನಂಟು ಬಹಳ ತೆಳುವಾದದ್ದು. ರಸ್ತೆ ದಾಟುವ ಮುಂಚೆ ಅದು ಬರುತ್ತಿದೆಯೇ ಎಂದು ಎರಡೂ ಕಡೆ ನೋಡುತ್ತೇನೆ, ಅಷ್ಟೇ. ಇಂಥವನು ಸ್ಪೀಡ್‌ವೇ ಎಂಬ ಮೋಟಾರು ಸೈಕಲ್ ಪಂದ್ಯದ ವಿಷಯ ಬರೆಯಲು ಕುಳಿತರೆ ಮನೆಯವರು ನಗುವುದು ನ್ಯಾಯವೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ವೇಗವಲ್ಲ, ಅದರ ಲೆಕ್ಕ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ಎಲ್ಲಿ ಅಂಕ ಕಂಡರೂ ಕೂಡಿ ನೋಡುವ ಚಪಲ ಬಿಡುವುದಿಲ್ಲ.

ಮೊದಲು ಪಂದ್ಯದ ಸ್ವರೂಪ ಹೇಳುತ್ತೇನೆ. ಮೊಟ್ಟೆಯಾಕಾರದ ಒಂದು ಮಣ್ಣಿನ ಹಾದಿ. ಅದರ ಮೇಲೆ 500 ಸಿ.ಸಿ.ಯ, ಒಂದೇ ಸಿಲಿಂಡರಿನ ವಾಹನ; ಕುಡಿಯುವುದು ಪೆಟ್ರೋಲಲ್ಲ, ಮೆಥನಾಲು. ಅದಕ್ಕಿರುವುದು ಒಂದೇ ಗೇರು. ಬ್ರೇಕು ಇಲ್ಲವೇ ಇಲ್ಲ! ತಿರುವು ಬಂದಾಗ ಸವಾರ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ತಾಗಿಸಿಕೊಂಡು, ವಾಹನವನ್ನು ಅಡ್ಡಡ್ಡಲಾಗಿಯೇ ಮುಂದಕ್ಕೆ ಓಡಿಸುತ್ತಾನೆ. ನಾಲ್ವರು ಸವಾರರು, ನಾಲ್ಕು ಸುತ್ತು, ಅದೂ ಅಪ್ರದಕ್ಷಿಣವಾಗಿ. ಸುಮಾರು ಒಂದು ನಿಮಿಷದಲ್ಲಿ ಎಲ್ಲ ಮುಗಿಯಿತು. ಮೊದಲು ಬಂದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ.

ಒಂದು ಸಂಜೆಗೆ ಹದಿನಾರು ಜನ ಸವಾರರು, ಇಪ್ಪತ್ತು ಓಟಗಳು. ಒಬ್ಬೊಬ್ಬನೂ ಐದು ಬಾರಿ ಓಡುತ್ತಾನೆ. ಈ ಐದು ಓಟಗಳಲ್ಲಿ ಅವನು ಉಳಿದ ಹದಿನೈದು ಮಂದಿಯನ್ನೂ ಒಂದೊಂದು ಸಲ, ಒಂದೇ ಒಂದು ಸಲ, ಎದುರಿಸುತ್ತಾನೆ. ಕಾಗದ ಪೆನ್ಸಿಲ್ಲು ಹಿಡಿದು ನೋಡಿ, ಲೆಕ್ಕ ಕೂದಲೆಳೆಯಷ್ಟೂ ತಪ್ಪದು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಮೆಯಿಲ್ಲ. ಐದನ್ನೂ ಗೆದ್ದವನಿಗೆ 15 ಅಂಕ, ಅದಕ್ಕಿಂತ ಮೇಲಿಲ್ಲ.

ಇಷ್ಟು ಚೆಲುವಾದ ಲೆಕ್ಕದೊಳಗೆ 1936 ರಲ್ಲಿ ಒಂದು ತೊಡಕು ಸೇರಿಕೊಂಡಿತು. ಆ ವರ್ಷ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ. ಅದಕ್ಕೆ ಮುಂಚೆ ಬೇರೆ ಬೇರೆ ಅಂಗಳಗಳಲ್ಲಿ ಅರ್ಹತಾ ಸುತ್ತುಗಳು ನಡೆದಿದ್ದವು. ಅಲ್ಲಿ ಗಳಿಸಿದ್ದಕ್ಕೆ ತಕ್ಕಂತೆ ಪ್ರತಿಯೊಬ್ಬನಿಗೂ ಒಂದಷ್ಟು ಬೋನಸ್ ಅಂಕ. ದಾರಿಯ ಬುತ್ತಿಯಂತೆ ಅದನ್ನು ಗಂಟು ಕಟ್ಟಿಕೊಂಡೇ ಎಲ್ಲರೂ ವೆಂಬ್ಲಿಗೆ ಬಂದರು.

ಆಸ್ಟ್ರೇಲಿಯದ ಬ್ಲೂಯಿ ವಿಲ್ಕಿನ್ಸನ್ ಆ ರಾತ್ರಿ ಐದು ಓಟ ಓಡಿ ಐದನ್ನೂ ಗೆದ್ದ. ಅವನ ಚಕ್ರಕ್ಕಿಂತ ಮುಂದೆ ಗೆರೆ ದಾಟಿದ ಚಕ್ರ ಒಂದೂ ಇಲ್ಲ. ಹದಿನೈದಕ್ಕೆ ಹದಿನೈದು! ಆದರೂ ಅವನು ಚಾಂಪಿಯನ್ ಆಗಲಿಲ್ಲ, ಎರಡನೆಯವನೂ ಆಗಲಿಲ್ಲ. ಅವನ ಗಂಟಿನಲ್ಲಿದ್ದದ್ದು 10 ಅಂಕ, ಕೂಡಿದರೆ 25. ಅವನ ದೇಶದವನೇ ಆದ ಲಯನೆಲ್ ವಾನ್ ಪ್ರಾಗ್ ಆ ರಾತ್ರಿ ಗಳಿಸಿದ್ದು 14, ತಂದದ್ದು 12. ಇಂಗ್ಲೆಂಡಿನ ಎರಿಕ್ ಲ್ಯಾಂಗ್ಟನ್ ಗಳಿಸಿದ್ದು 13, ತಂದದ್ದು 13. ಇಬ್ಬರಿಗೂ 26. ಅವರಿಬ್ಬರ ನಡುವೆ ಮತ್ತೊಂದು ಓಟ ನಡೆದು ವಾನ್ ಪ್ರಾಗ್ ಗೆದ್ದ. ಯಾರ ಕೈಯಲ್ಲೂ ಸೋಲದ ವಿಲ್ಕಿನ್ಸನ್ ಮೂರನೆಯವನಾಗಿ ಅದನ್ನು ನೋಡುತ್ತ ನಿಂತ.

ಇದನ್ನು ಓದಿದಾಗ ನನಗೆ ನಮ್ಮ ಶಾಲೆಯ ಹುಡುಗನೊಬ್ಬನ ನೆನಪಾಯಿತು. ನಮ್ಮಲ್ಲಿ ವರ್ಷದ ನಡುವಿನ ಕಿರುಪರೀಕ್ಷೆಗಳ ಅಂಕವನ್ನೂ ವಾರ್ಷಿಕ ಪರೀಕ್ಷೆಯ ಅಂಕವನ್ನೂ ಕೂಡಿ ಕ್ರಮಸಂಖ್ಯೆ ಕೊಡುವ ಪದ್ಧತಿಯಿತ್ತು. ಫಲಿತಾಂಶದ ದಿನ ಆ ಹುಡುಗ ಮೇಜಿನ ಹತ್ತಿರ ಬಂದು, “ಸಾರ್, ದೊಡ್ಡ ಪರೀಕ್ಷೇಲಿ ನಾನೇ ಎಲ್ಲರಿಗಿಂತ ಹೆಚ್ಚು ಅಲ್ವಾ ಸಾರ್?” ಎಂದ.

“ಹೌದಪ್ಪ.”

“ಮತ್ತೆ ಎರಡನೇ ನಂಬರು ಹೇಗೆ ಸಾರ್?”

ರಿಜಿಸ್ಟರು ತೆರೆದು ತೋರಿಸಿದೆ. ಆಗಸ್ಟ್ ತಿಂಗಳ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಹನ್ನೊಂದು. ಹುಡುಗ ಅದನ್ನು ಸ್ವಲ್ಪ ಹೊತ್ತು ನೋಡಿ, “ಆವಾಗ ಮಳೆಗೆ ನಮ್ಮ ಮನೆ ಗೋಡೆ ಬಿದ್ದಿತ್ತು ಸಾರ್” ಎಂದು ಹೇಳಿ ಹೊರಟುಹೋದ. ಬಿದ್ದ ಗೋಡೆಯನ್ನು ಬರೆಯುವುದಕ್ಕೆ ರಿಜಿಸ್ಟರಿನಲ್ಲಿ ಕಲಮು ಇರಲಿಲ್ಲ. ಕೂಡಿದ ಲೆಕ್ಕ ಸರಿಯಾಗಿಯೇ ಇತ್ತು. ಮೊದಲನೆಯ ಸ್ಥಾನ ಬಂದ ಹುಡುಗನೂ ವರ್ಷವಿಡೀ ಓದಿದವನೇ. ಅವನದನ್ನು ಕಸಿದು ಇವನಿಗೆ ಕೊಡುವುದು ಯಾವ ನ್ಯಾಯ?

ವಿಲ್ಕಿನ್ಸನ್ನನ ವಿಷಯವೂ ಇಷ್ಟೆ. ಅವನು ಸೋತದ್ದು ವೆಂಬ್ಲಿಯಲ್ಲಲ್ಲ. ಅದಕ್ಕೂ ಮುಂಚಿನ ಯಾವುದೋ ಸಾಧಾರಣ ಸಂಜೆ, ಅಷ್ಟೊಂದು ಜನ ನೋಡದ ಅಂಗಳದಲ್ಲಿ, ಅವನು ಸೋತಾಗಿತ್ತು. ಅದು ಅಂದೇ ಅವನಿಗೆ ತಿಳಿಯಲಿಲ್ಲ, ಅಷ್ಟೆ.

ಹಾಗಾದರೆ ಬುತ್ತಿಯನ್ನು ಬಾಗಿಲಲ್ಲೇ ಇಳಿಸಿ ಒಳಗೆ ಬರಲಿ ಎನ್ನೋಣವೇ? ಯುದ್ಧ ಮುಗಿದು 1949 ರಲ್ಲಿ ಈ ಚಾಂಪಿಯನ್‌ಷಿಪ್ ಮತ್ತೆ ಆರಂಭವಾದಾಗ ಹಾಗೆಯೇ ಮಾಡಿದರು. ಅರ್ಹತಾ ಸುತ್ತು ಬಾಗಿಲು ತೆರೆಯುವುದಕ್ಕೆ ಮಾತ್ರ. ಒಳಗೆ ಬಂದ ಮೇಲೆ ಎಲ್ಲರದೂ ಸೊನ್ನೆಯಿಂದಲೇ ಆರಂಭ. ಇದರ ಫಲವನ್ನು 1973 ರಲ್ಲಿ ಪೋಲೆಂಡಿನ ಹೋಜುವ್ ನಗರದಲ್ಲಿ ಕಾಣಬಹುದು. ಆಗಲೇ ನಾಲ್ಕು ಬಾರಿ ಚಾಂಪಿಯನ್ ಆಗಿದ್ದ ನ್ಯೂಜಿಲೆಂಡಿನ ಐವನ್ ಮೇಜರ್ ಮತ್ತು ಪೋಲೆಂಡಿನ ಯೆಜಿ ಶ್ಚಾಕಿಯೆಲ್ ಇಬ್ಬರಿಗೂ 13 ಅಂಕ. ನಿರ್ಣಾಯಕ ಓಟದಲ್ಲಿ ಮೇಜರ್ ಮುಂದಿನವನನ್ನು ಹಿಂದೆ ಹಾಕಲು ಹೋಗಿ ನೆಲಕ್ಕುರುಳಿದ. ಪೋಲೆಂಡಿಗೆ ಮೊದಲ ವಿಶ್ವ ಚಾಂಪಿಯನ್ ದೊರೆತ. ಮೇಜರನ ಆರು ಪ್ರಶಸ್ತಿಗಳ ಪಕ್ಕದಲ್ಲಿ ಶ್ಚಾಕಿಯೆಲ್‌ನದು ಅದೊಂದೇ. ಒಂದು ರಾತ್ರಿಯ ತಕ್ಕಡಿ ಹಾಗೆಯೇ ತೂಗುತ್ತದೆ: ಬಡವನಿಗೂ ಒಂದು ದಿನದ ದೊರೆತನ ಉಂಟು, ಆದರೆ ದೊರೆಯೂ ಒಮ್ಮೆ ಜಾರಿದರೆ ಮುಗಿಯಿತು.

1995 ರಿಂದ ತಕ್ಕಡಿಯನ್ನು ಮತ್ತೆ ಬದಲಾಯಿಸಿದರು. ಒಂದು ರಾತ್ರಿಯ ಬದಲು ಗ್ರ್ಯಾನ್ ಪ್ರೀ ಎಂಬ ಸರಣಿ; ಹಲವು ಊರುಗಳ ಅಂಕಗಳನ್ನು ಕೂಡಿ ಚಾಂಪಿಯನ್ನನ ಆಯ್ಕೆ. ಆ ಸರಣಿಯೊಳಗೆ ಕಾಲಿಡಲು ಹೊರಗಿನವರಿಗೆ ಮತ್ತೆ ಅರ್ಹತಾ ಸುತ್ತುಗಳು, ಅದರಾಚೆ ಚಾಲೆಂಜ್ ಎಂಬ ಇನ್ನೊಂದು ಪಂದ್ಯ, ಕೊನೆಯಲ್ಲಿ ಬೆರಳೆಣಿಕೆಯ ಸ್ಥಾನಗಳು. ನ್ಯಾಯ ಹೆಚ್ಚಾಯಿತು ಎನ್ನುವವರೂ ಇದ್ದಾರೆ, ಆ ಒಂದು ರಾತ್ರಿಯ ಎದೆಬಡಿತ ಹೋಯಿತೆಂದು ಕೊರಗುವವರೂ ಇದ್ದಾರೆ. ಇಬ್ಬರ ಮಾತಿಗೂ ನಾನು ತಲೆದೂಗುತ್ತೇನೆ.

ವಿಲ್ಕಿನ್ಸನ್ ಮಾತ್ರ ಲೆಕ್ಕದ ಮೇಲೆ ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಮತ್ತೆ ಅದೇ ಅರ್ಹತಾ ಸುತ್ತುಗಳಲ್ಲಿ ಓಡಿ, ಅದೇ ಬುತ್ತಿ ಕಟ್ಟಿ, 1938 ರಲ್ಲಿ ವೆಂಬ್ಲಿಗೆ ಬಂದ. ಹಿಂದಿನ ರಾತ್ರಿಯಷ್ಟೇ ಬಿದ್ದು ಭುಜದ ಬಳಿಯ ಮೂಳೆ ಮುರಿದಿತ್ತು. ಪಟ್ಟಿ ಬಿಗಿದುಕೊಂಡು ಓಡಿ ವಿಶ್ವ ಚಾಂಪಿಯನ್ ಆದ. ಎರಡೇ ವರ್ಷದ ಮೇಲೆ, 1940 ರಲ್ಲಿ, ಸಿಡ್ನಿಯಲ್ಲಿ ರಸ್ತೆ ಅಪಘಾತವೊಂದರಲ್ಲಿ ತೀರಿಕೊಂಡ.

ಅವನ ಗೆಲುವಿನ ಮರುವರ್ಷ, 1939 ರಲ್ಲಿ, ಅರ್ಹತಾ ಸುತ್ತುಗಳೆಲ್ಲ ಯಥಾಪ್ರಕಾರ ನಡೆದವು. ಹದಿನಾರು ಹೆಸರು ಆಯ್ಕೆಯಾದವು, ಬೋನಸ್ ಅಂಕಗಳೂ ಲೆಕ್ಕವಾದವು. ಸೆಪ್ಟೆಂಬರ್ ಮೊದಲ ವಾರದಲ್ಲಿ ಅಂತಿಮ ಪಂದ್ಯ. 3ನೆಯ ತಾರೀಖು ಬ್ರಿಟನ್ ಯುದ್ಧ ಸಾರಿತು, ಪಂದ್ಯ ನಡೆಯಲಿಲ್ಲ. ಆ ಹದಿನಾರು ಮಂದಿಯ ಕೈಯಲ್ಲಿ ಉಳಿದದ್ದು ದಾರಿಗೆಂದು ಕಟ್ಟಿಕೊಂಡಿದ್ದ ಬುತ್ತಿ ಮಾತ್ರ. ದಾಖಲೆಯ ಪುಸ್ತಕದಲ್ಲಿ ಆ ವರ್ಷದ ಚಾಂಪಿಯನ್ನನ ಜಾಗ ಇಂದಿಗೂ ಖಾಲಿ. ಆದರೆ ಆ ಬೇಸಗೆಯ ಸಂಜೆಗಳಲ್ಲಿ ಅವರು ಮಣ್ಣೆರಚುತ್ತ ಓಡಿದ್ದು, ಒಂದೊಂದು ಅಂಕಕ್ಕೂ ಬಿದ್ದು ಎದ್ದದ್ದು ಸುಳ್ಳಲ್ಲವಷ್ಟೆ.